ಹನ್ನೆರಡು ಸೂಜಿಯ ಲೆಕ್ಕ

ನಮ್ಮ ಶಾಲೆಯ ಕೊನೆಯ ಬೆಲ್ ಸಂಜೆ 4 ಗಂಟೆ 10 ನಿಮಿಷಕ್ಕೆ. ಅವತ್ತು ಬೆಲ್ ಹೊಡೆದು ಅರ್ಧ ಗಂಟೆಯಾದರೂ ನಾವು ಒಂದು ಮಗುವನ್ನೂ ಹೊರಗೆ ಬಿಟ್ಟಿರಲಿಲ್ಲ. ಕೊಟ್ಟಿದ್ದು 12 ಸೂಜಿ, ವಾಪಸು ಬಂದಿದ್ದು 11.

ನಮ್ಮ ಮಕ್ಕಳು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬರುವವರು. ಅದೇ ಕೋಣೆಯಲ್ಲಿ ಬೆಳಿಗ್ಗೆ ಒಂದು, ಎರಡನೇ ತರಗತಿಯ ಚಿಕ್ಕವರು ನೆಲದ ಮೇಲೆ ಕೂರುತ್ತಾರೆ, ಉರುಳಾಡುತ್ತಾರೆ. ಹಾಗಾಗಿ ನಮ್ಮ ಎದೆ ಡವಗುಟ್ಟುತ್ತಿತ್ತು. ಚಾಪೆ ಕೊಡವಿದೆವು, ಬ್ಯಾಗು ಸುರಿಸಿದೆವು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದಾಡಿದೆವು. ಎರಡು ಹೇರ್‌ಪಿನ್, ಒಂದು ಗುಂಡುಪಿನ್, ಒಂದಿಷ್ಟು ಕಬ್ಬಿಣದ ಪುಡಿ ಸಿಕ್ಕಿತು. ಸೂಜಿ ಇಲ್ಲ. ಹೊರಗೆ ಹೊಂಗೆ ಮರದ ಕೆಳಗೆ ಅಪ್ಪ ಅಮ್ಮಂದಿರು ಸೇರತೊಡಗಿದ್ದರು.

ಕೊನೆಗೆ ನಾಲ್ಕನೇ ತರಗತಿಯ ಹುಡುಗನೊಬ್ಬ ನಮ್ಮನ್ನೇ ದಿಟ್ಟಿಸಿ ನೋಡಿ, "ಸಾರ್, ನಿಮ್ ಜೇಬ್ ಮೇಲೆ ಏನೋ ಹೊಳೀತಾ ಐತೆ" ಅಂದ.

ಯಾರಿಗೋ ದಾರ ಪೋಣಿಸಿ ಕೊಡುವಾಗ ನಮ್ಮ ಅಂಗಿಯ ಜೇಬಿನ ಅಂಚಿಗೆ ನಾವೇ ಚುಚ್ಚಿಕೊಂಡು ಮರೆತಿದ್ದೆವು! ಮಕ್ಕಳು ನಕ್ಕಿದ್ದು ಹೊಂಗೆ ಮರದವರೆಗೂ ಕೇಳಿಸಿರಬೇಕು. ನಮಗೆ ಮಾತ್ರ ನಗು ಬರಲಿಲ್ಲ. ಇಪ್ಪತ್ತು ವರ್ಷ ದಾಟಿದ ನೌಕರಿಯಲ್ಲಿ ಅಷ್ಟು ನಾಚಿಕೆಯಾದದ್ದು ಕಡಿಮೆ.

ಇದು 2024ರ ಜನವರಿಯ ಮಾತು. ನಮ್ಮದು ದೆಂಕಣಿಕೋಟೆಯಿಂದ ಒಳಕ್ಕೆ ಹೋಗುವ ರಸ್ತೆಯ ಒಂದು ಹಳ್ಳಿ. ಐದನೇ ತರಗತಿಯವರೆಗೆ ಮಾತ್ರ ಇರುವ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ, ಇಬ್ಬರು ಶಿಕ್ಷಕರು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಬಸ್ಸಿನ ಬೋರ್ಡಿನಲ್ಲಿ ತಮಿಳು. ಈ ಕಡೆಯ ಶಾಲೆಗಳ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ.

ಸೂಜಿ ಶಾಲೆಗೆ ಬಂದದ್ದು ಅಂಗಿ ಗುಂಡಿಯ ನೆಪದಲ್ಲಿ. ಗಣರಾಜ್ಯೋತ್ಸವಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಅರ್ಧ ಜನರ ಅಂಗಿಗೆ ಗುಂಡಿಯ ಬದಲು ಸೇಫ್ಟಿ ಪಿನ್ನು. ಅಮ್ಮಂದಿರಲ್ಲಿ ಬಹಳ ಮಂದಿ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗುವವರು. ದಿನವಿಡೀ ಬೇರೆ ದೇಶದವರ ಅಂಗಿ ಹೊಲಿದು ರಾತ್ರಿ ಬಂದವರಿಗೆ ಮಗನ ಅಂಗಿಗೆ ಗುಂಡಿ ಹಾಕುವ ಚೈತನ್ಯ ಎಲ್ಲಿಂದ ಬರಬೇಕು? ಮಕ್ಕಳೇ ಹಾಕಿಕೊಳ್ಳಲಿ ಎಂದು ನಾವು ಪೇಟೆಯಿಂದ ಸೂಜಿಯ ಪೊಟ್ಟಣ ತಂದೆವು. ಪೊಟ್ಟಣದ ಮೇಲೆ ಪೋನಿ ಎಂಬ ಹೆಸರು. ನೀಲಗಿರಿಯ ಕೇತ್ತಿ ಕಣಿವೆಯಲ್ಲಿ 1949ರಲ್ಲಿ ಶುರುವಾದ ಸೂಜಿ ಕಾರ್ಖಾನೆಯದು. ಆ ಕಣಿವೆ ಬಡಗರ ಊರು, ಅವರ ಬಡಗ ಮಾತು ನಮ್ಮ ಕನ್ನಡಕ್ಕೆ ತೀರಾ ಹತ್ತಿರದ ಸಂಬಂಧಿ. ಇದನ್ನು ಹೇಳಿದರೆ ಮಕ್ಕಳಿಗೆ ಬಹಳ ಖುಷಿಯಾಗುತ್ತದೆ ಅಂದುಕೊಂಡೆವು. "ಅಲ್ಲಿ ರೈಲು ಐತಲ್ವಾ ಸಾರ್?" ಎಂದು ಕೇಳಿ ಸುಮ್ಮನಾದರು. ಪಾಠ ನಾವಂದುಕೊಂಡ ಕಡೆಗೇ ಹೋಗಬೇಕೆಂಬ ನಿಯಮವೇನಿಲ್ಲ.

ಗುಂಡಿ ಹಾಕಿದ ಮೇಲೆ ಸೂಜಿಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಬೀರುವಿನಲ್ಲಿಟ್ಟೆವು. ಬೆಂಕಿಪೊಟ್ಟಣ ತೆರೆದರೆ ಸೂಜಿ ಚೆಲ್ಲುತ್ತದೆ. ಆಗ ಹೊಳೆದದ್ದು ಪಿನ್ ಕುಷನ್. ಉಳಿಕೆ ಬಟ್ಟೆಯ ಚೂರುಗಳನ್ನು ಜೋಡಿಸಿ, ಒಳಗೆ ಏನಾದರೂ ತುಂಬಿ ಹೊಲಿದ ಒಂದು ಪುಟ್ಟ ದಿಂಬು. ಸೂಜಿಗೆ ಒಂದು ಮನೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಾವು ಟಿ.ಸಿ.ಎಚ್. ಓದುವಾಗ ಎಸ್.ಯು.ಪಿ.ಡಬ್ಲ್ಯು. ಎಂಬುದಿತ್ತು, ಸಮಾಜೋಪಯೋಗಿ ಉತ್ಪಾದಕ ಕಾರ್ಯ. ಅದರಲ್ಲಿ ಪಿನ್ ಕುಷನ್ ಮಾಡಿ ತೋರಿಸಬೇಕಿತ್ತು. ನಾವು ಹಾಸ್ಟೆಲ್ಲಿನ ಪಕ್ಕದ ದರ್ಜಿಗೆ 15 ರೂಪಾಯಿ ಕೊಟ್ಟು ಮಾಡಿಸಿ, ದಾಖಲೆ ಪುಸ್ತಕದಲ್ಲಿ ಚಂದದ ಚಿತ್ರ ಬರೆದು, 25ಕ್ಕೆ 22 ಅಂಕ ಗಿಟ್ಟಿಸಿದ್ದೆವು. ಅದರಿಂದ ಸಮಾಜಕ್ಕೆ ಏನು ಉಪಯೋಗವಾಯಿತೋ ಆ ದರ್ಜಿಯೇ ಹೇಳಬೇಕು! ಈಗ ನಲವತ್ತು ದಾಟಿದ ಮೇಲೆ, ಕನ್ನಡಕ ಹಾಕಿಕೊಂಡು, ಮಕ್ಕಳ ಎದುರು ಮೊದಲ ಸಲ ಸೂಜಿಗೆ ದಾರ ಪೋಣಿಸಲು ಕೂತಿದ್ದೆವು.

ಚೂರು ಬಟ್ಟೆಗೆ ಕೊರತೆಯಿಲ್ಲ. ದೆಂಕಣಿಕೋಟೆ ಪೇಟೆಯ ದರ್ಜಿಯೊಬ್ಬರು ಒಂದು ಗೋಣಿಚೀಲ ತುಂಬ ಕೊಟ್ಟರು. ರವಿಕೆ ಬಟ್ಟೆ, ಪ್ಯಾಂಟಿನ ಬಟ್ಟೆ, ಲೈನಿಂಗು, ರೇಷ್ಮೆಯ ಎಳೆಗಳು. ಇಲ್ಲದಿದ್ದರೆ ಅದು ಹೊಸೂರಿನ ವರ್ಕ್‌ಶಾಪುಗಳಲ್ಲಿ ಎಣ್ಣೆ ಒರೆಸಲು ಹೋಗುತ್ತಿತ್ತಂತೆ.

ಆದರೆ ನಮಗೆ ಹೊಲಿಗೆ ಬರಬೇಕಲ್ಲ? ನಮ್ಮನ್ನು ಕಾಪಾಡಿದ್ದು ಒಬ್ಬ ಅಜ್ಜಿ. ಐದನೇ ತರಗತಿಯ, ಸದಾ ಕೊನೆಯ ಸಾಲಿನಲ್ಲಿ ಕೂರುವ ಹುಡುಗಿಯ ಅಜ್ಜಿ. ಸಂಜೆ ಮೊಮ್ಮಗಳನ್ನು ಕರೆದೊಯ್ಯಲು ಸ್ವಲ್ಪ ಮೊದಲೇ ಬಂದು ಜಗಲಿಯ ಮೇಲೆ ಕೂರುವವರು. ನಾವು ಒಬ್ಬ ಹುಡುಗನ ಕೈಗೆ ಸೂಜಿ ಕೊಡುತ್ತಿದ್ದುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ.

"ಏನ್ ಮೇಷ್ಟ್ರೇ, ಸೂಜೀನ ಯಾರಾದ್ರೂ ಕೈಯಿಂದ ಕೈಗೆ ಕೊಡ್ತಾರಾ? ಜಗಳ ಆಯ್ತದೆ. ಕೆಳಗಿಡಿ, ಅವ್ನೇ ತಗೊಳ್ಲಿ."

ಸೂಜಿ ಕೈಗೆ ಕೊಡಬಾರದು, ದೀಪ ಹಚ್ಚಿದ ಮೇಲೆ ಸೂಜಿ ಸಾಲ ಕೊಡಬಾರದು ಎಂಬುದನ್ನು ನೀವೂ ಕೇಳಿರುತ್ತೀರಿ. ನಾವು ಮೂಢನಂಬಿಕೆಯ ಬಗ್ಗೆ ಎರಡು ಪುಟ ಪಾಠ ಮಾಡುವ ಜನ. ಆದರೆ ಹನ್ನೆರಡು ಮಕ್ಕಳ ನಡುವೆ ಸೂಜಿ ಕೈಯಿಂದ ಕೈಗೆ ಹೋಗುವುದು ಚುಚ್ಚುವುದಕ್ಕೇ ದಾರಿ, ಮಬ್ಬು ಬೆಳಕಿನಲ್ಲಿ ಕೊಟ್ಟ ಸೂಜಿ ಬಿದ್ದರೆ ಸಿಗುವುದೂ ಇಲ್ಲ. ಅವತ್ತಿನಿಂದ ಅಜ್ಜಿಯ ಮಾತೇ ನಮ್ಮ ತರಗತಿಯ ಕಾನೂನು: ಸೂಜಿಯನ್ನು ಬಟ್ಟೆಯ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

"ಅಜ್ಜಿ, ನೀವೇ ಹೇಳಿಕೊಡಿ" ಅಂದೆವು. "ಅಯ್ಯೋ, ನನಗೇನ್ ಬತ್ತದೆ, ಬೊಂತೆ ಹೊಲಿಯೋಳು" ಅಂದರು.

ಬೊಂತೆ! ನಾವು ಈ ಮಾತನ್ನು ಕೇಳಿ ಎಷ್ಟು ಕಾಲವಾಗಿತ್ತು. ಹಳೆ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಉದ್ದಕ್ಕೂ ದಾರ ಓಡಿಸಿ ಮಾಡುವ ಹೊದಿಕೆ. ಪುಸ್ತಕದ ಕನ್ನಡದಲ್ಲಿ ಕೌದಿ. ಧಾರವಾಡ, ವಿಜಯಪುರದ ಕಡೆಯ ಕೌದಿಯ ಬಗ್ಗೆ ಬರೆದವರು ಬೇಕಾದಷ್ಟು ಮಂದಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರು ಇದನ್ನೇ ಕವಂದಿ ಎನ್ನುತ್ತಾರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನು ಇಡುತ್ತಾರೆ, ಅದಕ್ಕೆ ಫುಲ, ಅಂದರೆ ಹೂವು ಎಂದು ಹೆಸರು. ಆ ಹೂವಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲ. ಅವರ ಕವಂದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ನಮ್ಮ ಅಜ್ಜಿಯ ಬೊಂತೆ ಅಟ್ಟದ ಮೇಲಿಂದ ಇಳಿದಿಲ್ಲ. ಈಗ ಎಲ್ಲರ ಮನೆಯಲ್ಲೂ ಕಂತಿನಲ್ಲಿ ಕೊಂಡ ಮೆತ್ತನೆಯ ರಗ್ಗು ಇದೆ.

ಈ ಗಡಿನಾಡೇ ಒಂದು ಕೌದಿ, ಹಲವು ಭಾಷೆಗಳ ತುಂಡುಗಳನ್ನು ಹೊಲಿದದ್ದು ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ಕೇಳಲು ಚಂದ. ನಮಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಕೌದಿ ಹೊಲಿಯುವಾಗ ಬೆರಳಿಗೆ ಎಷ್ಟು ಚುಚ್ಚುತ್ತದೆ ಎಂಬುದು ಆ ಭಾಷಣಗಳಲ್ಲಿ ಬರುವುದಿಲ್ಲ.

ಕೆಲಸಕ್ಕೆ ಬರೋಣ. ಮೊದಲು ಎಲ್ಲರೂ ಸೇರಿ ಶಾಲೆಗೆ ಒಂದು ದಿಂಬು ಮಾಡುವುದೆಂದು ತೀರ್ಮಾನವಾಯಿತು. ಮೂರು ಸಾಲು, ಸಾಲಿಗೆ ಮೂರು ಚೌಕ, ಒಟ್ಟು 9 ಚೌಕ. ದಿಂಬು 9 ಸೆಂಟಿಮೀಟರ್ ಇರಬೇಕು. "9 ಅನ್ನು 3ರಿಂದ ಭಾಗಿಸಿದರೆ?" ಎಂದು ಕೇಳಿದೆವು. "ಮೂರು!" ಎಂದು ಇಡೀ ತರಗತಿ ಕೂಗಿತು. 3 ಸೆಂಟಿಮೀಟರಿನ 9 ಚೌಕ ಕತ್ತರಿಸಿದೆವು. ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ ಹೊಲಿದೆವು. ಜೋಡಿಸಿ ಮುಗಿಸಿ ಅಳೆದರೆ ದಿಂಬು 6 ಸೆಂಟಿಮೀಟರಿಗೆ ಇಳಿದಿತ್ತು. ಒಂದು ಲಡ್ಡುವಿನಷ್ಟು.

ನಮ್ಮ ಗಣಿತವೇ ತಪ್ಪಾಯಿತಲ್ಲ ಎಂದು ನಾವು ಕಪ್ಪು ಹಲಗೆಯ ಮುಂದೆ ನಿಂತಿದ್ದೆವು. ಕೊನೆಯ ಸಾಲಿನ ಹುಡುಗಿ ಮೆಲ್ಲಗೆ, "ಹೊಲಿಗೆ ತಿಂತದೆ ಸಾರ್" ಅಂದಳು.

ಈ ಹುಡುಗಿ ತಾನಾಗಿ ಬಾಯಿ ಬಿಟ್ಟದ್ದು ಆ ವರ್ಷ ಅದೇ ಮೊದಲು. ಓದಲು ಎಬ್ಬಿಸಿದರೆ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಿದ್ದಳು. ಬರೆಯಲು ಹೇಳಿದರೆ ಪೆನ್ಸಿಲ್ ಕೆತ್ತುತ್ತಾ ಗಂಟೆ ಕಳೆಯುತ್ತಿದ್ದಳು. ಮುಂದೆ ಬಂದು ಹಲಗೆಯ ಮೇಲೆ ತೋರಿಸು ಎಂದೆವು. ಬಂದಳು. ಪ್ರತಿ ಚೌಕವನ್ನೂ ಎರಡೂ ಕಡೆ ಹೊಲಿಗೆ ಅರ್ಧರ್ಧ ತಿನ್ನುತ್ತದೆ, ಹಾಗಾಗಿ ಮೂರಕ್ಕೆ ಒಂದು ಸೇರಿಸಿ ನಾಲ್ಕು ಕತ್ತರಿಸಬೇಕು. 4 ಸೆಂಟಿಮೀಟರಿನ ಮೂರು ತುಂಡು ಸೇರಿದರೆ 12. ನಡುವಿನ ಎರಡು ಹೊಲಿಗೆ ಒಂದೊಂದು ಸೆಂಟಿಮೀಟರ್ ತಿಂದರೆ 10. ಹಿಂಬದಿಯ ಬಟ್ಟೆ ಕೂಡಿಸುವಾಗ ಸುತ್ತಲೂ ಇನ್ನು ಅರ್ಧರ್ಧ ಹೋದರೆ 9. ಅವಳು ಇದನ್ನು ಅಂಕಿ ಬರೆದು ಹೇಳಲಿಲ್ಲ, ಬಟ್ಟೆ ಹಿಡಿದು ಬೆರಳಿನಲ್ಲಿ ತೋರಿಸಿದಳು. ಅಂಕಿ ಬರೆದದ್ದು ನಾವು.

ಆ ಲಡ್ಡು ಗಾತ್ರದ ದಿಂಬನ್ನು ಎಸೆಯಲಿಲ್ಲ, ಅದು ಈಗಲೂ ನಮ್ಮ ಮೇಜಿನ ಮೇಲಿದೆ. ಆಮೇಲೆ ನಾಲ್ಕು ಮತ್ತು ಐದನೇ ತರಗತಿಯ 12 ಮಕ್ಕಳೂ ಸರಿಯಾದ ಅಳತೆಯಲ್ಲಿ ತಂತಮ್ಮ ದಿಂಬು ಮಾಡಿಕೊಂಡರು. ಜೋಡಿಸಿದ ಚೌಕಗಳ ಕೆಳಗೆ ಹಳೆಯ ಬನಿಯನ್ ಬಟ್ಟೆಯ ಒಂದು ಪದರ ಇಟ್ಟು, ಎರಡನ್ನೂ ಸೇರಿಸಿ ಸಾಲಾಗಿ ದಾರ ಓಡಿಸಬೇಕೆಂದು ಅಜ್ಜಿ ಹೇಳಿದರು. ಅದೇ ಬೊಂತೆಯ ಹೊಲಿಗೆ. ಬಟ್ಟೆಗೆ ಮೈ ಬರುತ್ತದೆ, ಸೂಜಿ ಚುಚ್ಚಿ ಚುಚ್ಚಿ ಬೇಗ ಹರಿಯುವುದಿಲ್ಲ. ರೇಷ್ಮೆಯ ಚೂರಿಗೆ ಆಸೆಪಟ್ಟವರು ಪೇಚಾಡಿದರು, ಅದು ಜಾರುತ್ತದೆ, ಎಳೆ ಬಿಡುತ್ತದೆ. ಹಳೇ ಹತ್ತಿ ಬಟ್ಟೆಯಷ್ಟು ಒಳ್ಳೆಯದು ಯಾವುದೂ ಇಲ್ಲ. ನಾಲ್ಕನೇ ತರಗತಿಯ ಒಬ್ಬ ಹುಡುಗ "ಇದು ಹುಡ್ಗೀರ್ ಕೆಲ್ಸ" ಎಂದು ಮೂಲೆ ಸೇರಿದ್ದ. ದೆಂಕಣಿಕೋಟೆಯ ದರ್ಜಿ ಯಾರು, ಅವರಿಗೆ ಮೀಸೆ ಇದೆಯೋ ಇಲ್ಲವೋ ಎಂದು ಕೇಳಿದೆವು. ಹನ್ನೆರಡನೇ ಶತಮಾನದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರ ಶರಣರೇ ಇದ್ದರು ಎಂದೂ ಹೇಳಿದೆವು. ಶರಣರಿಗಿಂತ ಮೀಸೆಯೇ ಹೆಚ್ಚು ಕೆಲಸ ಮಾಡಿತು.

ಒಳಗೆ ಏನು ತುಂಬುವುದು ಎಂಬುದೇ ದೊಡ್ಡ ಚರ್ಚೆ. ರಾಗಿ ಹೊಟ್ಟು ನಮ್ಮಲ್ಲಿ ಯಥೇಚ್ಛ. ತುಂಬಿದೆವು. ಮೂರನೇ ದಿನ ಇಲಿ ಎರಡು ದಿಂಬನ್ನು ಕಚ್ಚಿ ಹರಡಿತ್ತು. ಬಡಗಿಯ ಅಂಗಡಿಯಿಂದ ಮರದ ಪುಡಿ ತಂದೆವು. ಹಸಿ ಮರದ ಪುಡಿಯಿರಬೇಕು, ವಾರದಲ್ಲಿ ಸೂಜಿಯ ಮೇಲೆ ಕಂದು ಚುಕ್ಕೆ. "ತಲೆಕೂದ್ಲು ತುಂಬ್ರಿ, ತುಕ್ಕು ಹಿಡಿಯಕಿಲ್ಲ" ಎಂದರು ಅಜ್ಜಿ. ಬಾಚಣಿಗೆಯಲ್ಲಿ ಬಂದ ಕೂದಲು, ಅದರಲ್ಲಿ ಎಣ್ಣೆಯ ಅಂಶವಿರುತ್ತದೆ, ಸೂಜಿ ನಯವಾಗಿ ಹೋಗುತ್ತದೆ. ಬೇರೆ ದೇಶಗಳಲ್ಲೂ ಹಿಂದೆ ಹೀಗೆ ತುಂಬುತ್ತಿದ್ದರು. ಮಕ್ಕಳು ಮೂಗು ಮುರಿದರು. ಕೊನೆಗೆ ಕುರಿ ಸಾಕುವ ಮನೆಯ ಹುಡುಗನೊಬ್ಬ ಒಂದು ಚೀಲ ಕುರಿ ಉಣ್ಣೆ ತಂದ. ತೊಳೆಯದ ಉಣ್ಣೆಯಲ್ಲಿ ಅದರದೇ ಜಿಡ್ಡು ಇರುತ್ತದೆ, ಲ್ಯಾನೋಲಿನ್ ಎನ್ನುತ್ತಾರಲ್ಲ, ಅದು. ತರಗತಿ ಎರಡು ದಿನ ಕುರಿ ಹಟ್ಟಿಯ ಹಾಗೆ ನಾರಿತು. ಸೂಜಿಗೆ ಮಾತ್ರ ಇವತ್ತಿನವರೆಗೂ ತುಕ್ಕು ಬಂದಿಲ್ಲ.

ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ ಕೆಂಪು ಟೊಮೆಟೊ ಆಕಾರದ ಪಿನ್ ಕುಷನ್ ಒಂದನ್ನು ನಮ್ಮ ಜೊತೆಯ ಟೀಚರ್ ತಂದು ತೋರಿಸಿದರು. "ರಾಯಕೋಟೆ ಟೊಮೆಟೊ!" ಎಂದು ಒಬ್ಬ ಕೂಗಿದ. ಅದಕ್ಕೆ ದಾರದಲ್ಲಿ ಒಂದು ಪುಟ್ಟ ಸ್ಟ್ರಾಬೆರಿ ನೇತಾಡುತ್ತದೆ. ಅದು ಬರೀ ಅಂದಕ್ಕಲ್ಲ, ಹಾಗೆ ಮಾಡುವ ವಾಡಿಕೆಯಲ್ಲಿ ಸ್ಟ್ರಾಬೆರಿಯೊಳಗೆ ಕುರುಂದದ ಕಲ್ಲಿನ ಪುಡಿ ತುಂಬುತ್ತಾರೆ, ಸೂಜಿಯನ್ನು ಅದರಲ್ಲಿ ಚುಚ್ಚಿ ತೆಗೆದರೆ ಮೊನೆ ಹರಿತವಾಗುತ್ತದೆ.

ಹೆಸರಿನ ಜಗಳವೂ ಆಯಿತು. ಪಿನ್ ಕುಷನ್‌ಗೆ ನಮ್ಮ ಮಾತಿನಲ್ಲಿ ಏನೆನ್ನುವುದು? ಸೂಜಿಗೆ ನಮ್ಮ ಮನೆಯಲ್ಲಿ ಸೂಜಿ, ತೆಲುಗು ಮನೆಯಲ್ಲಿ ಸೂದಿ, ತಮಿಳಿನಲ್ಲಿ ಊಸಿ. ಮೂರನ್ನೂ ಹಲಗೆಯ ಮೇಲೆ ಬರೆದು ನೋಡಿದರೆ ಅಕ್ಕತಂಗಿಯರ ಮುಖದ ಹಾಗೆ ಕಾಣುತ್ತವೆ. ಒಬ್ಬಳು "ಊಸಿ ಮೆತ್ತೆ" ಅಂದಳು, ಇನ್ನೊಬ್ಬ "ಸೂದಿ ದಿಂಡು" ಅಂದ. ಕೊನೆಗೆ ಸೂಜಿ ದಿಂಬು ಎಂದು ಗೊತ್ತಾಯಿತು.

ಇನ್ನು ಸೂಜಿ ಕಳೆದ ದಿನಕ್ಕೆ ಬರುತ್ತೇವೆ. ಇಷ್ಟೆಲ್ಲ ನಡೆಯುತ್ತಿದ್ದಾಗಲೇ, ದಿಂಬುಗಳು ಇನ್ನೂ ಮುಗಿಯುವ ಮೊದಲು, ಆ ಸಂಜೆ ಬಂತು. ಜೇಬಿನಲ್ಲಿ ಸೂಜಿ ಸಿಕ್ಕಿತು ನಿಜ, ಆದರೆ ಸುದ್ದಿ ಊರಿಗೆ ಹೋಯಿತು. ಮರುದಿನ ಶನಿವಾರ. ನಾವು ರಿಜಿಸ್ಟರ್ ಬರೆಯಲು ಶಾಲೆಗೆ ಬಂದಿದ್ದೆವು. ಕೊನೆಯ ಸಾಲಿನ ಹುಡುಗಿಯ ಅಮ್ಮ ಬಂದರು. ಅರ್ಧ ದಿನದ ಸಂಬಳ ಬಿಟ್ಟು ಬಂದಿದ್ದರು. ಮಗಳ ಬೆರಳಿನಲ್ಲಿ ಎರಡು ಚುಚ್ಚಿದ ಗಾಯವನ್ನು ಅವರು ನೋಡಿದ್ದರು.

"ಸಾರ್, ತಪ್ಪು ತಿಳ್ಕೋಬೇಡಿ. ನನ್ ಮಗಳು ಹೊಲಿಗೆ ಕಲೀಬಾರ್ದು ಅಂತಾನೇ ನಾನು ಸ್ಕೂಲಿಗೆ ಕಳಿಸ್ತಾ ಇರೋದು."

ನಮಗೆ ಉತ್ತರ ತೋಚಲಿಲ್ಲ. ಈಗಲೂ ಪೂರ್ತಿ ತೋಚಿಲ್ಲ.

ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ರಾಜಾಜಿ. ಅವರು ಮದ್ರಾಸಿನ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಯೋಜನೆ ತಂದರು. ಮಗು ಅರ್ಧ ಹೊತ್ತು ಶಾಲೆಯಲ್ಲಿ ಓದಬೇಕು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಬೇಕು. ಕ್ಷೌರಿಕನ ಮಗ ಕ್ಷೌರವನ್ನೇ, ಅಗಸನ ಮಗ ಬಟ್ಟೆ ಒಗೆಯುವುದನ್ನೇ ಕಲಿಯಬೇಕೇ ಎಂದು ಜನ ರೊಚ್ಚಿಗೆದ್ದರು, ಅದಕ್ಕೆ ಕುಲಕಲ್ವಿ ಎಂದು ಹೆಸರಿಟ್ಟರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಬಂದು ಆ ಯೋಜನೆಯನ್ನು ಕೈಬಿಟ್ಟರು. ಬಿ.ಎ. ಓದುವಾಗ ನಾವು ಇದನ್ನು ಐದು ಅಂಕದ ಟಿಪ್ಪಣಿಯಾಗಿ ಬಾಯಿಪಾಠ ಮಾಡಿದ್ದೆವು. ಅದೇ ಪ್ರಶ್ನೆಯನ್ನು ಒಬ್ಬ ತಾಯಿ ನಮ್ಮ ಎದುರು ನಿಂತು ಕೇಳಿದರು. ಗಾರ್ಮೆಂಟ್ಸಿನವಳ ಮಗಳಿಗೆ ಶಾಲೆಯಲ್ಲೂ ಸೂಜಿಯೇ?

ಕುಳಿತುಕೊಳ್ಳಿ ಅಮ್ಮಾ ಎಂದೆವು. ಮೇಜಿನ ಮೇಲೆ ಮಗಳ ಅರ್ಧ ಮುಗಿದ ದಿಂಬು ಇತ್ತು. ಎತ್ತಿಕೊಂಡು ತಿರುಗಿಸಿ ನೋಡಿದರು. ಒಳಗಿನ ಹೊಲಿಗೆ ನೋಡಿದರು, ಮೂಲೆ ನೋಡಿದರು. ಮುಖ ಸ್ವಲ್ಪ ಸಡಿಲವಾಯಿತು.

"ಹನ್ನೊಂದು ವರ್ಷ ಆಯ್ತು ಸಾರ್ ನಾನು ಹೋಗಾಕೆ ಹಿಡ್ದು. ಕಾಲರ್ ಕೂಡಿಸೋದೊಂದೇ. ಒಂದ್ ದಿನಾನೂ ಒಂದು ಅಂಗೀನ ನಾನೇ ಶುರು ಮಾಡಿ ನಾನೇ ಮುಗಿಸಿಲ್ಲ."

ಅಂಗಿಯೊಂದು ಹತ್ತಾರು ಕೈ ದಾಟಿ ಹೋಗುತ್ತದೆ. ಒಬ್ಬರು ತೋಳು, ಒಬ್ಬರು ಜೇಬು, ಒಬ್ಬರು ಕಫ್. ಗಂಟೆಗೆ ಇಷ್ಟು ಪೀಸು ಎಂಬ ಗುರಿ. ಆಮೇಲೆ ಅವರು ಸೂಜಿಯ ವಿಷಯ ಹೇಳಿದರು. ಕಾರ್ಖಾನೆಯಲ್ಲಿ ಮಿಷನ್ನಿನ ಸೂಜಿ ಮುರಿದರೆ ಹೊಸ ಸೂಜಿ ಸುಮ್ಮನೆ ಕೊಡುವುದಿಲ್ಲ. ಮುರಿದ ಚೂರುಗಳನ್ನೆಲ್ಲ ಹುಡುಕಿ ತಂದು ತೋರಿಸಬೇಕು. ಅವನ್ನು ಟೇಪಿನಲ್ಲಿ ಪುಸ್ತಕಕ್ಕೆ ಅಂಟಿಸಿ, ದಿನ, ಹೊತ್ತು, ಮಿಷನ್ ನಂಬರು ಬರೆದು, ಆಮೇಲೆ ಹೊಸದು. ಒಂದು ಚೂರು ಸಿಗದಿದ್ದರೆ ಅಲ್ಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು ತಪಾಸಣೆ. ಕೊನೆಗೆ ಲೋಹ ಪತ್ತೆ ಮಾಡುವ ಯಂತ್ರದ ಮೂಲಕ ಎಲ್ಲ ಅಂಗಿಯೂ ಹಾಯಬೇಕು. ಎಲ್ಲೋ ದೂರದೇಶದ ಮಗುವಿಗೆ ಸೂಜಿ ಚುಚ್ಚಬಾರದಲ್ಲ.

"ನೀವು ಬರೀ ಎಣಿಸಿದ್ರೆ ಆಗಲ್ಲ ಸಾರ್, ಬರೀಬೇಕು" ಅಂದರು ಎದ್ದು ಹೊರಡುವಾಗ. ಹೊಲಿಗೆ ಕಲಿಸಿ ಎಂದು ಅವರು ಹೇಳಲಿಲ್ಲ, ಬೇಡ ಎಂದೂ ಮತ್ತೆ ಹೇಳಲಿಲ್ಲ.

ಸೋಮವಾರ ಒಂದು 40 ಪುಟದ ನೋಟ್‌ಬುಕ್ಕಿಗೆ ಕಂದು ಹಾಳೆಯ ಅಟ್ಟೆ ಹಾಕಿ "ಸೂಜಿ ಲೆಕ್ಕದ ಪುಸ್ತಕ" ಎಂದು ಬರೆದೆವು. ದಿನಾಂಕ, ಕೊಟ್ಟದ್ದು, ಬಂದದ್ದು, ಮುರಿದದ್ದು, ವಿಶೇಷ, ಸಹಿ. ಬರೆಯುವ ಕೆಲಸವನ್ನು ಆ ಹುಡುಗಿಗೆ ಕೊಟ್ಟೆವು. ಸಹಿ ಹಾಕುವುದು ನಾವು. ಮಾಸ್ತರೂ ಲೆಕ್ಕದೊಳಗೇ! ನಾವು ಬಳಸಿದ ಸೂಜಿಗೂ ಅವಳ ಪುಸ್ತಕದಲ್ಲಿ ಜಾಗವಿತ್ತು, ದಿನಾ ಸಂಜೆ ಬಂದು ನಮ್ಮ ಜೇಬನ್ನು ಒಮ್ಮೆ ನೋಡಿಯೇ ಪುಸ್ತಕ ಮುಚ್ಚುತ್ತಿದ್ದಳು.

ಮೊದಲ ದಿನದ ಬರಹ ಹೀಗಿತ್ತು: "ಸುಜಿ 12 ಬಂತು." ದೀರ್ಘವಿಲ್ಲ. ಕೆಂಪು ಪೆನ್ನು ನಮ್ಮ ಕೈಯಲ್ಲೇ ಇತ್ತು, ಹೇಗೋ ತಡೆದುಕೊಂಡೆವು. ಒಂದು ವಾರದ ಮೇಲೆ ಅವಳೇ ಅಟ್ಟೆಯ ಮೇಲಿನ "ಸೂಜಿ" ನೋಡಿ, ಹಿಂದಿನ ಆರು ದಿನದ ಸುಜಿಗಳಿಗೆಲ್ಲ ದೀರ್ಘ ಎಳೆದಳು. ವಿಶೇಷ ಎಂಬ ಕಲಮನ್ನು ನಾವು ಸುಮ್ಮನೆ ಹಾಕಿದ್ದೆವು. ಅವಳು ಅದನ್ನು ತುಂಬತೊಡಗಿದಳು. "ಒಂದು ಸೂಜಿ ಮೊಂಡು ಆಗಿದೆ." "ಸಣ್ಣ ಕಣ್ಣಿನ ಸೂಜಿಗೆ ದಪ್ಪ ದಾರ ಹೋಗುವುದಿಲ್ಲ." ಒಂದು ದಿನ ಒಂದು ಇಡೀ ಸಾಲು: "ಕೈ ಸೂಜಿಗೆ ನಂಬರ್ ಜಾಸ್ತಿ ಆದರೆ ಸಣ್ಣ. ಮಿಷನ್ ಸೂಜಿಗೆ ನಂಬರ್ ಜಾಸ್ತಿ ಆದರೆ ದಪ್ಪ. ಅಮ್ಮ ಹೇಳಿದಳು." ನಮಗೆ ಇದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ವಿಚಾರಿಸಿದೆವು, ನಿಜ.

"ಅಮ್ಮ ಹೇಳಿದಳು" ಎಂಬ ಮಾತು ಆಮೇಲೆ ಆಗಾಗ ಬರತೊಡಗಿತು. ರಾತ್ರಿ ಮನೆಯಲ್ಲಿ ಅಮ್ಮನೂ ಮಗಳೂ ಸೂಜಿಯ ಬಗ್ಗೆ ಮಾತಾಡುತ್ತಿದ್ದರು ಎಂಬುದು ಅದರಿಂದಲೇ ನಮಗೆ ತಿಳಿದದ್ದು. ಓದು ಪೂರ್ತಿ ಸುಧಾರಿಸಿತೇ ಎಂದು ಕೇಳಬೇಡಿ. ಒತ್ತಕ್ಷರಕ್ಕೆ ಈಗಲೂ ನಿಲ್ಲುತ್ತಿದ್ದಳು. ನಿಂತು ಮುಂದೆ ಹೋಗುತ್ತಿದ್ದಳು, ಅಷ್ಟೇ.

ಏಪ್ರಿಲ್ ಬಂತು. ಐದನೇ ತರಗತಿ ಮುಗಿದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಪ್ರತಿ ವರ್ಷದ್ದು. ಕನ್ನಡದಲ್ಲಿ ಆರನೇ ತರಗತಿ ಬೇಕಿದ್ದರೆ ಬಸ್ಸಿನಲ್ಲಿ ಹೋಗಬೇಕು, ಬಸ್ಸು ದಿನಕ್ಕೆ ಎರಡೇ ಸಲ. ನಡೆದು ಹೋಗುವಷ್ಟು ಹತ್ತಿರದಲ್ಲಿರುವುದು ತಮಿಳು ಮಾಧ್ಯಮ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳೂ ತಮಿಳು ಕಲಿಯುತ್ತಾರೆ, ಹಾಗಾಗಿ ಅಕ್ಷರವೇನೋ ಗೊತ್ತು. ಆದರೆ ವಿಜ್ಞಾನ, ಸಮಾಜ ಎಲ್ಲವನ್ನೂ ಅದರಲ್ಲೇ ಓದುವುದು ಬೇರೆ ಮಾತು. ದುಡ್ಡು ಹೊಂದಿಸಬಲ್ಲವರು ಹೊಸೂರಿನ ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸುತ್ತಾರೆ.

ಜೂನ್‌ನಲ್ಲಿ ಆ ಹುಡುಗಿಯ ಅಮ್ಮ ಟಿ.ಸಿ. ತೆಗೆದುಕೊಳ್ಳಲು ಬಂದರು. ಇಂಗ್ಲಿಷ್ ಮೀಡಿಯಂ. ನಾವು ಎಂದಿನಂತೆ ಕನ್ನಡ ಮಾಧ್ಯಮದ ಬಗ್ಗೆ ನಾಲ್ಕು ಮಾತು ಹೇಳಲು ಬಾಯಿ ತೆರೆದೆವು. ಅವರು ನಮ್ಮ ಮಾತು ಮುಗಿಯುವವರೆಗೂ ತಾಳ್ಮೆಯಿಂದ ಕೇಳಿ, "ನಿಮ್ ಮಕ್ಳು ಎಲ್ಲಿ ಓದ್ತಾವ್ರೆ ಸಾರ್?" ಅಂದರು. ಗೌರವದಿಂದಲೇ ಕೇಳಿದರು. ನಮ್ಮ ದೊಡ್ಡ ಮಗ ಓದುತ್ತಿರುವುದು ಯಾವ ಮಾಧ್ಯಮದಲ್ಲಿ ಎಂಬುದು ಊರಿಗೆಲ್ಲ ಗೊತ್ತು. ಟಿ.ಸಿ.ಗೆ ಸಹಿ ಹಾಕಿದೆವು.

ಮಗಳ ದಿಂಬಿನ ಬಗ್ಗೆ ವಿಚಾರಿಸಿದೆವು. ಟಿ.ವಿ. ಪಕ್ಕದಲ್ಲಿ ಇಟ್ಟಿದ್ದಾಳಂತೆ. ಅಮ್ಮ ಅದನ್ನು ಒಂದು ದಿನ ಜೊತೆಯವರಿಗೆ ತೋರಿಸೋಣ ಎಂದು ಕಾರ್ಖಾನೆಗೆ ಕೊಂಡೊಯ್ಯಬೇಕೆಂದಿದ್ದರು. "ಸೂಜಿ ಚುಚ್ಚೋ ಸಾಮಾನು ಗೇಟಲ್ಲಿ ಬಿಡಲ್ಲ ಸಾರ್" ಎಂದು ನಕ್ಕರು. ಹಾಗಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಫೋನಿನಲ್ಲಿ ಫೋಟೋ ತೋರಿಸಿದರಂತೆ. ಪಕ್ಕದ ಲೈನಿನವರು ಮೂಲೆ ಚೆನ್ನಾಗಿ ಕೂತಿದೆ ಎಂದರಂತೆ.

ಸೂಜಿ ಲೆಕ್ಕದ ಪುಸ್ತಕವನ್ನು ಈಗ ನಾಲ್ಕರಿಂದ ಐದಕ್ಕೆ ಬಂದ ಹುಡುಗನೊಬ್ಬ ಬರೆಯುತ್ತಾನೆ, ಅದೇ "ಹುಡ್ಗೀರ್ ಕೆಲ್ಸ" ಎಂದಿದ್ದವನು. ಅವನ ಅಕ್ಷರ ಅವಳಿಗಿಂತ ಕೆಟ್ಟದು. ಸೂಜಿ 11 ಇವೆ. ಹನ್ನೆರಡನೆಯದು ಪುಸ್ತಕದ 23ನೇ ಪುಟದಲ್ಲಿದೆ, ಎರಡು ಚೂರು, ಮೇಲೆ ಟೇಪು. ಪಕ್ಕದಲ್ಲಿ ವಿಶೇಷ ಎಂಬ ಕಲಮಿನಲ್ಲಿ ಅವಳದೇ ಕೈಬರಹ: "ಸಾರ್ ಮುರಿದರು. ಚೂರು ಎರಡೂ ಸಿಕ್ಕಿತು."